ಕೋರಿ ಟೀಮಿನ ಬೀಗದ ಕೈ

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಈಗಲೂ ಬ್ಯಾಂಕಿನ ಸಾಲಿನಲ್ಲಿ ನಿಂತರೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಲೇ ಇರುತ್ತೇನೆ. ಮದುವೆ ಊಟದ ಪಂಕ್ತಿಯಲ್ಲಿ ಪಾಯಸ ಬರುವ ಮೊದಲೇ ಏಳುವ ಅಂದಾಜು ಹಾಕುತ್ತೇನೆ. ಅಮ್ಮ ನನ್ನನ್ನು ಕಾಲು ಸುಟ್ಟ ಬೆಕ್ಕು ಎನ್ನುತ್ತಿದ್ದಳು. ಈ ರೋಗಕ್ಕೆ ಜೀವಮಾನದಲ್ಲಿ ಬೆಲೆ ಕೊಟ್ಟವನು ಒಬ್ಬನೇ. ಅವನು ಮೆಕ್ಸಿಕೋದವನು, ಸಿಕ್ಕಿದ್ದು ಕುವೈತಿನಲ್ಲಿ, ಮೈದಾನ್ ಹವಲ್ಲಿಯ ನಮ್ಮ ಕಟ್ಟಡದ ಕೆಳಗಿನ ಮಹಡಿಯಲ್ಲಿ. "ನೀನು ಕದಿಯುವವನು," ಎಂದು ಅವನು ನನ್ನತ್ತ ಬೆರಳು ತೋರಿಸಿದಾಗ ನಾನು ತೋಳು ಏರಿಸಿಕೊಂಡು ಜಗಳಕ್ಕೆ ನಿಂತಿದ್ದೆ.

ಆಮೇಲೆ ಗೊತ್ತಾಯಿತು, ಅದು ಬೇಸ್‌ಬಾಲಿನ ಮಾತು. ಆ ಆಟದಲ್ಲಿ ನಾಲ್ಕು ಮೂಲೆ. ಹೊಡೆದವನು ಒಂದೊಂದೇ ಮೂಲೆ ದಾಟಿ, ಹೊರಟ ಕಡೆಗೇ ಓಡಿ ಬರಬೇಕು. ಎಸೆಯುವವನು ಮೈಮರೆತ ಗಳಿಗೆ ನೋಡಿಕೊಂಡು, ಯಾರೂ ಹೊಡೆಯದೆಯೇ ಮುಂದಿನ ಮೂಲೆಗೆ ಹಾರಿಬಿಟ್ಟರೆ ಅದಕ್ಕೆ ಕದಿಯುವುದು ಎನ್ನುತ್ತಾರೆ. ನಿಂತಲ್ಲಿ ನಿಲ್ಲಲಾರದವನಿಗೆ ಇದಕ್ಕಿಂತ ಒಳ್ಳೆಯ ಕೆಲಸ ಬೇಕೆ?

1990ರ ಚಳಿಗಾಲ ಮುಗಿಯುತ್ತಿತ್ತು. ನಾನು ಮಿರ್ಕಾಬಿನ ಒಂದು ಕಾರ್ಗೋ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ನನ್ನ ರೂಮಿನಲ್ಲಿದ್ದವನು ಉಳ್ಳಾಲದ ಕಡೆಯ ಬ್ಯಾರಿ, ಶರ್ಕಿನ ಒಂದು ಅತ್ತರಿನ ಅಂಗಡಿಯಲ್ಲಿ ಸೇಲ್ಸ್‌ಮನ್. ಅವನು ಕೆಲಸದಿಂದ ಬಂದರೆ ನಮ್ಮ ಅನ್ನಕ್ಕೂ ಊದ್ ಪರಿಮಳ ಹತ್ತುತ್ತಿತ್ತು. ಮಾತು ನಮ್ಮಿಬ್ಬರ ನಡುವೆ ತುಳುವಿನಲ್ಲಿ. ಜಗಳಕ್ಕೆ ಮಾತ್ರ ಕನ್ನಡ. ಶಾಲೆಯಲ್ಲಿ ಕಲಿತ ಭಾಷೆಯಲ್ಲಿ ಬೈದರೆ ಏನೋ ಒಂದು ತೂಕ ಬರುತ್ತದೆ ಎಂದು ಇಬ್ಬರಿಗೂ ಅನಿಸುತ್ತಿತ್ತು. ನಾವು ದಿನದ ಅರ್ಧ ಹೊತ್ತು ಕನ್ನಡವನ್ನೇ ಮಾತಾಡುತ್ತಿದ್ದೆವು.

ಜಗಳಕ್ಕೆ ಕಾರಣ ಬೇಕಾಗಿರಲಿಲ್ಲ. ನಾನು ಕೈಗೆ ಬಂದದ್ದನ್ನೆಲ್ಲ ಬಿಸಾಡುವವನು, ಅವನು ಯಾವುದನ್ನೂ ಬಿಡದವನು. ಖಾಲಿ ಅತ್ತರಿನ ಬಾಟಲಿ, ಊರಿಂದ ಬರುವಾಗ ಹಾಕಿಕೊಂಡಿದ್ದ ಚಪ್ಪಲಿ, ಹಪ್ಪಳ ಕಟ್ಟಿ ತಂದ ಪೇಪರು, ಎಲ್ಲವೂ ಅವನ ಮಂಚದ ಕೆಳಗೆ ಇರುತ್ತಿದ್ದವು. "ನಿನ್ನ ಮಂಚದ ಕೆಳಗೆ ಇನ್ನೊಂದು ಕುವೈತ್ ಉಂಟು," ಎಂದು ನಾನು ಚುಚ್ಚಿದರೆ, "ನಿನ್ನ ಮಂಚದ ಕೆಳಗೆ ಎಂತ ಉಂಟು, ಧೂಳು," ಎನ್ನುತ್ತಿದ್ದ.

ಶುಕ್ರವಾರ ಬೆಳಿಗ್ಗೆ ನಾವು ಕಟ್ಟಡದ ಹಿಂದಿನ ಖಾಲಿ ಜಾಗದಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್ ಆಡುತ್ತಿದ್ದೆವು. ಕೆಳಗಿನ ಮಹಡಿಯ ಮೆಕ್ಸಿಕೋದವನು ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದ. ತೈಲದ ಪೈಪುಗಳಿಗೆ ಬೆಸುಗೆ ಹಾಕುವ ಕೆಲಸ ಅವನದು. ಕಂಪೆನಿಯ ಕ್ಯಾಂಪಿನಲ್ಲಿ ಉಸಿರು ಕಟ್ಟುತ್ತದೆ ಎಂದು ನಮ್ಮ ಗಲಾಟೆಯ ಬೀದಿಗೆ ಬಂದು ಮನೆ ಮಾಡಿದ್ದ. ಐವತ್ತರ ಹತ್ತಿರದ ಪ್ರಾಯ, ನಮ್ಮ ಕಡೆಯ ಮೀನಿನ ಸಾಹುಕಾರರ ಮೈಬಣ್ಣ, ಶುಂಠಿಯ ಹಾಗೆ ಸೊಟ್ಟಗಾದ ಬೆರಳುಗಳು. ಒಂದು ಶುಕ್ರವಾರ ಅವನು ಒಂದು ದೊಡ್ಡ ಕ್ಯಾನ್ವಾಸ್ ಚೀಲ ಎಳೆದುಕೊಂಡು ಕೆಳಗಿಳಿದು ಬಂದು ನಮ್ಮ ಪಿಚ್ಚಿನ ನಡುವೆಯೇ ಸುರಿದ. ದುಂಡಗಿನ ಬ್ಯಾಟುಗಳು, ಬಿರಿದ ಚರ್ಮದ ಕೈಗವಸುಗಳು, ಒಂದು ಇಡೀ ಟೀಮಿಗೆ ಸಾಕಾಗುವಷ್ಟು ಮಾಸಿದ ಜೆರ್ಸಿಗಳು.

ಜೆರ್ಸಿಯ ಎದೆಯ ಮೇಲೆ ಒಂದು ಹಕ್ಕಿ ಇತ್ತು. ಅವರ ಊರಿನ ಮರುಭೂಮಿಯಲ್ಲಿ ಹಾರುವುದಕ್ಕಿಂತ ಹೆಚ್ಚು ಓಡುವ ಹಕ್ಕಿಯಂತೆ. ನಮ್ಮ ಕಣ್ಣಿಗೆ ಅದು ಕೋಳಿ ಅಂಕಕ್ಕೆ ಕಟ್ಟಿದ ಹುಂಜವೇ. ಅವತ್ತೇ ನಾವು ಕೋರಿ ಟೀಮು ಆದೆವು, ಅವನು ಕೋಚ್ ಭಾಯಿ ಆದ. ತುಳುವಿನಲ್ಲಿ ಕೋರಿ ಅಂದರೆ ಕೋಳಿ ಎಂದು ಅವನಿಗೆ ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಅವನು ಆ ಜೆರ್ಸಿಯನ್ನು ಮಡಚುವ ರೀತಿ ನೋಡಿದರೆ ತಮಾಷೆ ಗಂಟಲಲ್ಲೇ ನಿಲ್ಲುತ್ತಿತ್ತು.

ಆ ಟೀಮಿನ ಕತೆ ಅವನು ಚೂರುಚೂರಾಗಿ ಹೇಳಿದ, ಆಟ ಮುಗಿದು ನಾವು ಗೋಡೆಯ ನೆರಳಲ್ಲಿ ಕೂತು ಹಾಲಿಲ್ಲದ ಸುಲೈಮಾನಿ ಚಹಾ ಕುಡಿಯುವಾಗ. ಅರ್ಧ ಇಂಗ್ಲಿಷು, ಸ್ವಲ್ಪ ಅರಬ್ಬಿ, ಉಳಿದದ್ದು ಕೈಸನ್ನೆ. ಮೆಕ್ಸಿಕೋದ ಉತ್ತರಕ್ಕೆ ಬೇಯುವ ಒಂದು ಸಣ್ಣ ಊರು. ಅಲ್ಲಿ ಒಬ್ಬ ಐಸ್ ಫ್ಯಾಕ್ಟರಿಯ ಮಾಲೀಕನಿಗೆ ತನ್ನ ಊರಿಗೂ ಒಂದು ಸಂಬಳದ ಟೀಮು ಬೇಕು ಎಂಬ ಹುಚ್ಚು ಹತ್ತಿತು. ಊರಾಚೆ ಮಣ್ಣಿನ ಗೋಡೆ ಎಬ್ಬಿಸಿ, ಜನ ಕೂರಲು ಮರದ ಮೆಟ್ಟಿಲು ಹಾಕಿ, ಕಬ್ಬಿಣದ ಗೇಟು ಇಡಿಸಿ ಮೈದಾನ ಮಾಡಿದ. ಎಲ್ಲೆಲ್ಲಿಂದಲೋ ಆಟಗಾರರನ್ನು ತಂದ. ಅವರಲ್ಲಿ ಒಬ್ಬ ಕ್ಷೌರಿಕ ಇದ್ದ, ಜಗಳವಾಡುತ್ತಲೇ ಆಡುವ ಅಣ್ಣತಮ್ಮಂದಿರಿದ್ದರು, ಹಿಂದೆ ದೊಡ್ಡ ಲೀಗಿನಲ್ಲಿ ಆಡಿದ್ದೇನೆ ಎಂದು ಹೇಳಿಕೊಳ್ಳುವ ಒಬ್ಬ ವಯಸ್ಸಾದ ಎಸೆತಗಾರನಿದ್ದ. ನಮ್ಮ ಕೋಚ್ ಭಾಯಿ ಕ್ಯಾಚರ್. ಬ್ಯಾಟಿನವನ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವ ಕೆಲಸ. ಬೆರಳು ಸೊಟ್ಟಗಾದದ್ದು ಅದರಿಂದಲೇ.

ಊರಿನ ಟೀಮು ಗೆದ್ದ ದಿನ ಮಾಲೀಕ ಗೇಟಿನಲ್ಲಿ ನಿಂತು ಮನೆಗೆ ಹೋಗುವ ಪ್ರತಿಯೊಬ್ಬರಿಗೂ ಒಂದು ಗಡ್ಡೆ ಐಸ್ ಕೊಡುತ್ತಿದ್ದನಂತೆ. ಜನ ಅದನ್ನು ಟೋಪಿಯಲ್ಲಿ, ಸೆರಗಿನಲ್ಲಿ ಕಟ್ಟಿಕೊಂಡು ಕರಗುವುದರೊಳಗೆ ಮನೆ ಮುಟ್ಟಲು ಓಡುತ್ತಿದ್ದರಂತೆ. ಇದನ್ನು ಹೇಳುವಾಗ ಕೋಚ್ ಭಾಯಿ ಎದ್ದು ನಿಂತು ಹೊಟ್ಟೆಯ ಹತ್ತಿರ ಬನಿಯನ್ ಹಿಡಿದುಕೊಂಡು ಓಡಿ ತೋರಿಸಿದ. ನಾವು ನಕ್ಕು ನಕ್ಕು ಸುಸ್ತಾದೆವು.

ಎರಡನೇ ವರ್ಷ ಐಸ್ ಕಡಿಮೆಯಾಯಿತು, ಅಂದರೆ ಗೆಲುವು ಕಡಿಮೆಯಾಯಿತು. ಬಸ್ಸು ಮರುಭೂಮಿಯಲ್ಲಿ ನಿಂತುಬಿಡುತ್ತಿತ್ತು, ಆಟಗಾರರೇ ತಳ್ಳುತ್ತಿದ್ದರು. ಕೊನೆಗೆ ಒಂದು ಸಂಜೆಯ ಆಟದಲ್ಲಿ, ಏಳನೇ ಇನ್ನಿಂಗ್ಸ್ ನಡೆಯುವಾಗ, ಮೈದಾನದ ದೀಪಗಳೆಲ್ಲ ಒಟ್ಟಿಗೇ ಆರಿದವು. ಮಾಲೀಕ ಟೀಮು ಮುಚ್ಚಿದ್ದ. ಆಟ ಅರ್ಧಕ್ಕೇ ನಿಂತಿತು.

"ಮತ್ತೆ?" ನಾನು ಕೇಳಿದೆ.

"ಬಾದೇನ್," ಅಂದ. ಅರಬ್ಬಿಯಲ್ಲಿ ಹಾಗೆಂದರೆ ಆಮೇಲೆ. ಆ ಕುವೈತಿನಲ್ಲಿ ಪ್ರತಿಯೊಂದು ಆಫೀಸಿನ ಕಿಟಕಿಯಿಂದ ಕೇಳಿ ಕೇಳಿ ಆ ಪದ ಕಂಡರೆ ನನಗೆ ಮೈ ಉರಿಯುತ್ತಿತ್ತು. ಎಷ್ಟು ಶುಕ್ರವಾರ ಕೇಳಿದರೂ ಕತೆ ಆ ಆರಿದ ದೀಪದಲ್ಲೇ ನಿಲ್ಲುತ್ತಿತ್ತು. ಅರ್ಧ ಕತೆ ಎಂದರೆ ನನಗೆ ಮೈಮೇಲೆ ಇರುವೆ ಬಿಟ್ಟ ಹಾಗೆ.

ನಮ್ಮ ಎದುರಾಳಿಗಳು ಹೋಟೆಲಿನಲ್ಲಿ ಕೆಲಸ ಮಾಡುವ ಫಿಲಿಪೀನ್ಸ್‌ನವರು. ಅವರಿಗೆ ಈ ಆಟ ಹುಟ್ಟಿನಿಂದಲೇ ಗೊತ್ತು. ಮೊದಲ ಮ್ಯಾಚಿನಲ್ಲಿ ನಾನು ಚೆಂಡಿಗೆ ಸರಿಯಾಗಿ ಒಂದು ಕೊಟ್ಟೆ, ಕಲಿಸಿದ ಹಾಗೆ ಬ್ಯಾಟು ಬಿಸಾಡಿದೆ. ಅದು ಉರುಳಿ ನನ್ನದೇ ಪಾದಕ್ಕೆ ತಾಗಿತು. ಕೈ ತಾನಾಗಿಯೇ ಕೆಳಗೆ ಹೋಯಿತು. ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಪುಸ್ತಕಕ್ಕೆ, ಪೊರಕೆಗೆ, ಮನುಷ್ಯರಿಗೆ ಕಾಲು ತಾಗಿದರೆ ಹೀಗೆ ಮಾಡಬೇಕು ಎಂದು ಅಮ್ಮ ಕಲಿಸಿದ್ದು ಎಲ್ಲಿ ಹೋಗುತ್ತದೆ? ತಲೆ ಎತ್ತುವಷ್ಟರಲ್ಲಿ ಚೆಂಡು ಮೊದಲ ಮೂಲೆ ಮುಟ್ಟಿ ಆಗಿತ್ತು.

"ಔಟ್ ಮಾರಾಯಾ, ಔಟ್," ನನ್ನ ರೂಮಿನವನು ನೆಲದ ಮೇಲೆ ಬಿದ್ದು ನಗುತ್ತಿದ್ದ. "ಪೂಜೆ ಮಾಡಿ ಔಟ್ ಆದವ ಇವ ಒಬ್ಬನೇ."

ಕೋಚ್ ಭಾಯಿ ನಗಲಿಲ್ಲ. ಅವನೂ ಆಟಕ್ಕೆ ಮುಂಚೆ ಎದೆಯ ಮೇಲೆ ಶಿಲುಬೆ ಬರೆದುಕೊಳ್ಳುವವನು. "ಮೊದಲು ಓಡು, ಪ್ರಾರ್ಥನೆ ಬಾದೇನ್," ಎಂದಷ್ಟೇ ಹೇಳಿದ. ಆದರೂ ನನ್ನ ಕೈ ಕೇಳಲಿಲ್ಲ. ಆ ಸೀಸನ್ನಿನಲ್ಲಿ ನಾನು ಎಷ್ಟು ಬಾರಿ ಹಾಗೆ ಔಟಾದೆನೋ, ಪ್ರತಿ ಬಾರಿಯೂ ರೂಮಿನವನು ಅದೇ ಮಾತು ಕೂಗುತ್ತಿದ್ದ.

ಅವನ ತಪ್ಪು ಇದಕ್ಕೆ ತದ್ವಿರುದ್ಧ. ಅವನು ಬ್ಯಾಟು ಬಿಡುತ್ತಲೇ ಇರಲಿಲ್ಲ. ಕ್ರಿಕೆಟ್ಟಿನಲ್ಲಿ ಬ್ಯಾಟು ಕೈಯಲ್ಲಿದ್ದರೆ ತಾನೇ ಕ್ರೀಸು ಮುಟ್ಟಿಸುವುದು? ಚೆಂಡಿಗೆ ಹೊಡೆದು, ಆ ಒನಕೆಯಂಥದ್ದನ್ನು ಎದೆಗೆ ಅವಚಿಕೊಂಡು, ಮೂಲೆ ಬಂದ ಕೂಡಲೇ ಉದ್ದಕ್ಕೆ ಚಾಚಿ ನೆಲಕ್ಕೆ ಕುಟ್ಟುತ್ತಿದ್ದ. ಕೋಚ್ ಭಾಯಿ ಬದಿಯಿಂದ ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದ: "ಸ್ವೆಲ್ತಾ, ಸ್ವೆಲ್ತಾ."

ನಮಗೆ ಕೇಳಿಸಿದ್ದು ಸೋಲ್ತಾ.

ಇವನಿಗೆ ಕನ್ನಡ ಯಾರು ಕಲಿಸಿದರು ಎಂದು ನಾವು ಬೆರಗಾದೆವು. ನಾನು ರೂಮಿನವನ ಮೇಲೆ ಹಾಕಿದೆ, ಅವನು ನನ್ನ ಮೇಲೆ ಹಾಕಿದ. ದಿನವಿಡೀ ನಮ್ಮ ಜಗಳ ಮೆಟ್ಟಿಲಿನವರೆಗೂ ಕೇಳುತ್ತಿದ್ದುದರಿಂದ ಅಲ್ಲಿಂದಲೇ ಹೆಕ್ಕಿಕೊಂಡಿರಬೇಕು ಎಂದು ಕೊನೆಗೆ ಒಪ್ಪಿಕೊಂಡೆವು. ಆಟದ ನಡುವೆ ಕೋಚೇ ಸೋಲ್ತಾ ಸೋಲ್ತಾ ಎಂದು ಹಂಗಿಸಿದರೆ ಯಾರಿಗೆ ಸಿಟ್ಟು ಬಾರದು? ರೂಮಿನವನು ಹಲ್ಲು ಕಚ್ಚಿ ಬ್ಯಾಟನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತಿದ್ದ. "ಸೋಲುದಾ? ನಾನಾ? ನೋಡುವ," ಎನ್ನುತ್ತಾ ಓಡುತ್ತಿದ್ದ. ಅವನು ಹಿಡಿದಷ್ಟೂ ಇವನು ಕೂಗುತ್ತಿದ್ದ, ಇವನು ಕೂಗಿದಷ್ಟೂ ಅವನು ಹಿಡಿಯುತ್ತಿದ್ದ.

ಜುಲೈ ಕೊನೆಯ ಶುಕ್ರವಾರ, ಬಿಸಿಲೇರುವ ಮುಂಚೆ ಎಂದು ಬೆಳಗಿನ ನಮಾಜು ಮುಗಿದ ಕೂಡಲೇ ಶುರು ಮಾಡಿದ ಮ್ಯಾಚು ಅದು. ನಮಗೆ ಮೊದಲ ಸಲ ಗೆಲ್ಲುವ ದಾರಿ ಕಂಡಿತ್ತು. ಕೊನೆಯ ಮೂಲೆಗೆ ರೂಮಿನವನು ಚೆಂಡಿಗಿಂತ ಮುಂದಿದ್ದ, ಬರೀ ಕಾಲಿಟ್ಟಿದ್ದರೆ ಸಾಕಿತ್ತು. ಅವನು ಬ್ಯಾಟು ಚಾಚಿದ. ಅದು ಎದುರಿನ ಕ್ಯಾಚರನ ಕೈಗೆ ಬಡಿದು ಚೆಂಡು ಜಾರಿತು. ಬ್ಯಾಟಿನಿಂದ ತಡೆದರೆ ಔಟು. ಸೋತೆವು. ಎಲ್ಲರೂ ಅವನ ಮೇಲೆ ಬಿದ್ದರು, ನಾನೇ ಮೊದಲು. "ಬ್ಯಾಟು ಬಿಟ್ಟು ಓಡಿದ್ರೆ ನಿನ್ನ ಗಂಟು ಎಂತ ಹೋಗ್ತಿತ್ತು?"

"ಕೈಯಲ್ಲಿ ಕೊಟ್ಟದ್ದನ್ನು ಎಲ್ಲೆಂದರಲ್ಲಿ ಬಿಸಾಡ್ಲಿಕ್ಕೆ ಆಗುದಿಲ್ಲ ನನಗೆ," ಅಂದ. ಮುಂದಿನ ಶುಕ್ರವಾರ ನೋಡುವ ಎಂದು ಹೇಳಿ ಎದ್ದೆವು. ಮುಂದಿನ ಶುಕ್ರವಾರಕ್ಕೆ ಮುಂಚೆ ಗುರುವಾರ ಬಂತು, ಇರಾಕಿನ ಟ್ಯಾಂಕುಗಳು ಬಂದವು.

ಆಫೀಸು ಮುಚ್ಚಿತು. ಫೋನು ಸತ್ತಿತು. ನನ್ನಂಥವನಿಗೆ ಕಾಯುವುದೇ ಒಂದು ಶಿಕ್ಷೆ. ಖುಬ್ಬೂಸ್ ರೊಟ್ಟಿಯ ಸಾಲಿನಲ್ಲಿ ನಿಲ್ಲು, ರೇಡಿಯೋದ ಮುಂದೆ ಕೂರು, ಬಸ್ಸಿನ ಸುದ್ದಿ ಬಂತಾ ಎಂದು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗು, ಬಾ. ರೂಮಿನ ಈ ಗೋಡೆಯಿಂದ ಆ ಗೋಡೆಗೆ ನಡೆದು ನಡೆದು ನೆಲದ ಕಾರ್ಪೆಟ್ಟಿನಲ್ಲಿ ದಾರಿ ಬಿದ್ದಿತ್ತು. ಕೋಚ್ ಭಾಯಿಯ ಕಂಪೆನಿಯ ಬಿಳಿಯರನ್ನು ಕ್ಯಾಂಪಿನಿಂದ ಎತ್ತಿಕೊಂಡು ಹೋದರು ಎಂದು ಸುದ್ದಿ ಬಂತು. ಇವನು ನಮ್ಮ ನಡುವೆ ಇದ್ದುದರಿಂದ ಉಳಿದ. ಬೀದಿಯ ತಿರುವಿನ ಸಿಪಾಯಿ ಅವನ ಮುಖ ನೋಡಿ, "ಹಿಂದಿ?" ಎನ್ನುತ್ತಿದ್ದ. ಅಲ್ಲಿ ಭಾರತೀಯರನ್ನು ಹಾಗೇ ಕರೆಯುವುದು. ಇವನು ತಲೆಯಾಡಿಸಿ ಮುಂದೆ ಹೋಗುತ್ತಿದ್ದ.

ನನ್ನ ರೂಮಿನವನು ಮಾತ್ರ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಿದ್ದ. ಅವನ ಕಫೀಲ್, ಅಂದರೆ ವೀಸಾ ಕೊಟ್ಟ ಅತ್ತರು ಅಂಗಡಿಯ ಯಜಮಾನ, ಬೇಸಿಗೆ ಕಳೆಯಲು ಸಂಸಾರ ಸಮೇತ ಲಂಡನ್ನಿಗೆ ಹೋಗಿದ್ದ. ಹೋಗುವ ಮುಂಚೆ ಬೀಗದ ಕೈಗಳ ಗೊಂಚಲನ್ನು ಇವನ ಅಂಗೈಯಲ್ಲಿಟ್ಟು, ಇವನ ಬೆರಳುಗಳನ್ನು ತಾನೇ ಮಡಚಿ, "ಅಮಾನ" ಎಂದಿದ್ದನಂತೆ. ನಂಬಿ ಕೊಟ್ಟದ್ದು, ಕೊಟ್ಟವನ ಕೈಗೇ ಮರಳಬೇಕಾದದ್ದು. ಮದರಸಾದಲ್ಲಿ ಚಿಕ್ಕಂದಿನಲ್ಲಿ ಕಲಿತ ಮಾತು ಅವನಿಗೆ. ಹಾಗಾಗಿ ಅವನು ಶರ್ಕಿನವರೆಗೆ ನಡೆದುಹೋಗಿ, ಮುಚ್ಚಿದ ಶಟರಿನ ಮುಂದೆ ಮೆಟ್ಟಿಲಲ್ಲಿ ಕೂತು, ಸಂಜೆಗೆ ಮುಂಚೆ ವಾಪಸು ಬರುತ್ತಿದ್ದ. ಅಕ್ಕಪಕ್ಕದ ಅಂಗಡಿಗಳನ್ನು ಒಡೆದು ಲಾರಿಗಳಿಗೆ ತುಂಬುತ್ತಿದ್ದರು. ತಡೆಯಲು ಹೋದ ಒಬ್ಬ ಕಾವಲುಗಾರ ಮನೆಗೆ ಮರಳಿರಲಿಲ್ಲ.

ಉಳ್ಳಾಲದಲ್ಲಿ ಅವನ ಹೆಂಡತಿಗೆ ಚೊಚ್ಚಲ ಬಸುರು. ಫೋನು ಸಾಯುವ ಮುಂಚಿನ ಕೊನೆಯ ಮಾತಿನಲ್ಲಿ ಅವಳು, "ಹೆರಿಗೆಗೆ ಬರ್ತೀರಲ್ಲ?" ಎಂದು ಕೇಳಿದ್ದಳು, ಇವನು ಬರುತ್ತೇನೆ ಎಂದಿದ್ದ. ಬೂತಿನ ಹೊರಗೆ ನಿಂತು ನಾನೇ ಕೇಳಿಸಿಕೊಂಡಿದ್ದೇನೆ.

ಸೆಪ್ಟೆಂಬರಿನಲ್ಲಿ ನಮ್ಮ ಕಟ್ಟಡದವರ ಪಾಳಿ ಬಂತು. ಬಾಗ್ದಾದಿನ ಮೂಲಕ ಜೋರ್ಡಾನಿಗೆ ಬಸ್ಸು, ಅಲ್ಲಿಂದ ವಿಮಾನ. ಸಂಜೆ ಅವನು ಬರುವುದನ್ನೇ ಕಾಯುತ್ತಿದ್ದ ನಾನು ಬಾಗಿಲಲ್ಲೇ ಹಿಡಿದೆ.

"ನಾಳೆ ಬೆಳಿಗ್ಗೆ ಬಸ್ಸು ಉಂಟು. ಬರ್ತೀಯಾ ಇಲ್ವಾ?"

"ಅಂಗಡಿ?"

"ಅಂಗಡಿ ಎಂತ ನಿನ್ನ ಅಪ್ಪನದ್ದಾ?"

"ಅಪ್ಪನದ್ದಾಗಿದ್ರೆ ಬಿಟ್ಟು ಬರ್ತಿದ್ದೆ. ಬೇರೆಯವರದ್ದು, ಅದಕ್ಕೇ ಕಷ್ಟ."

"ಅಲ್ಲಿ ಅವಳಿಗೆ ಎಂತ ಹೇಳುದು ನಾನು? ನಿನ್ನ ಗಂಡ ಶಟರ್ ಕಾಯ್ತಾ ಕೂತಿದ್ದಾನೆ ಅಂತಲಾ?"

ಅವನು ಕೈ ತೊಳೆದು ಬಂದು ಖುಬ್ಬೂಸು ಮುರಿದು ನನ್ನ ತಟ್ಟೆಗೂ ಹಾಕಿದ. ನನಗೆ ಅವನ ಮೇಲೆ ಕೆಂಡದಂಥ ಸಿಟ್ಟಿತ್ತು. ಅದರ ಅಡಿಯಲ್ಲಿ ಹೆದರಿಕೆಯೂ ಇತ್ತು. ಅವನನ್ನು ಅಲ್ಲಿ ಬಿಟ್ಟು ನಾನು ಬಸ್ಸು ಹತ್ತಿದರೆ ಅವನು ಮತ್ತೆ ಸಿಗುವುದಿಲ್ಲ ಎಂದು ನನಗೆ ಖಚಿತವಾಗಿ ಅನಿಸಿತ್ತು.

ಬೆಳಿಗ್ಗೆ ನೋಡಿದರೆ ಅವನ ಮಂಚ ಖಾಲಿ. ಬಸ್ಸುಗಳು ಆಗಲೇ ಶಾಲೆಯ ಮೈದಾನದಲ್ಲಿ ಸಾಲಾಗಿ ನಿಂತಿದ್ದವು. ಚೀಲ, ಮಕ್ಕಳು, ಸೂಟ್‌ಕೇಸು, ಕೂಗಾಟ. ನಮ್ಮ ಜೊತೆ ಬರಲು ಅಂಗಿ ಬದಲಿಸಿ ಬಂದಿದ್ದ ಕೋಚ್ ಭಾಯಿಯ ಕೈ ಹಿಡಿದು ಎಳೆದೆ. "ಶರ್ಕ್," ಅಂದೆ. ಅವನು ಎರಡನೇ ಮಾತು ಕೇಳದೆ ತನ್ನ ಪಿಕಪ್ ತೆಗೆದ.

ರೂಮಿನವನು ಅಲ್ಲೇ ಇದ್ದ. ಎರಡೂ ಬದಿಯ ಅಂಗಡಿಗಳು ಬಾಯಿ ತೆರೆದು ಬಿದ್ದಿದ್ದವು, ನೆಲವೆಲ್ಲ ಗಾಜು. ಅವನ ಶಟರು ಮಾತ್ರ ನೆಟ್ಟಗಿತ್ತು, ಬೀಗ ನೆಟ್ಟಗಿತ್ತು. ಅದನ್ನೇ ನನಗೆ ತೋರಿಸಿದ, ನೋಡು ನಾನಿದ್ದುದಕ್ಕೆ ಉಳಿದಿದೆ ಎನ್ನುವ ಹಾಗೆ. ನಾನು ಬೈಯಲು ಬಾಯಿ ತೆರೆದೆ. ಕೋಚ್ ಭಾಯಿ ನನ್ನನ್ನು ಪಕ್ಕಕ್ಕೆ ಸರಿಸಿ ಅವನ ಪಕ್ಕದಲ್ಲಿ, ಅದೇ ಹಳೆಯ ಕುಕ್ಕರಗಾಲಲ್ಲಿ ಕೂತ.

ನಾನು ಇಡೀ ಸೀಸನ್ ಕೇಳಿದರೂ ಸಿಗದಿದ್ದ ಕತೆಯ ಉಳಿದರ್ಧ ಅವನು ಹೇಳಿದ್ದು ಅಲ್ಲಿ. ನನಗಲ್ಲ, ಅವನಿಗೆ. ದೀಪ ಆರಿದ ಆ ಸಂಜೆ ಐಸ್ ಫ್ಯಾಕ್ಟರಿಯ ಮಾಲೀಕ ಕತ್ತಲಲ್ಲೇ ಹತ್ತಿರ ಬಂದು ಗೇಟಿನ ಬೀಗದ ಕೈಯನ್ನು ಇವನಿಗೆ ಕೊಟ್ಟ. ಮುಂದಿನ ಸೀಸನ್ನಿಗೆ ಬರುತ್ತೇನೆ, ಅಲ್ಲಿಯವರೆಗೆ ನೋಡಿಕೋ ಎಂದ. ಬೇರೆ ಆಟಗಾರರು ಬೇರೆ ಊರಿಗೆ, ಬೇರೆ ಟೀಮಿಗೆ ಹೋದರು. ಇವನು ಉಳಿದ. ಸೀಸನ್ನು ಬಂದಾಗಲೆಲ್ಲ ಹುಲ್ಲು ಕಿತ್ತು, ಸುಣ್ಣದ ಗೆರೆ ಎಳೆದು, ಗೇಟಿಗೆ ಎಣ್ಣೆ ಹಾಕಿ ಕಾದ. ಕಾಯಲಾರದ ಹೆಂಡತಿ ತವರಿಗೆ ಹೋದಳು. ಮೈದಾನಕ್ಕೆ ಆಡುಗಳು ಬಂದವು. ಕೊನೆಗೆ ಒಂದು ದಿನ ಯಾರೋ ಮರದ ಮೆಟ್ಟಿಲು ಕಿತ್ತುಕೊಂಡು ಹೋಗಲು ಗಾಡಿ ತಂದರು.

"ಅವರು ಕೀ ಕೇಳಲಿಲ್ಲ," ಅಂದ ಕೋಚ್ ಭಾಯಿ. "ನಾನು ಗೇಟಿನಲ್ಲಿ ನಿಂತಿದ್ದೆ. ಅವರು ಆ ಕಡೆಯ ಗೋಡೆ ಒಡೆದು ಬಂದರು."

ಅವನು ಸೊಟ್ಟ ಬೆರಳುಗಳ ಮುಷ್ಟಿ ಮಾಡಿ ನನ್ನ ರೂಮಿನವನ ಮುಖದ ಮುಂದೆ ಹಿಡಿದ. ಆಮೇಲೆ ಮೆಲ್ಲಗೆ ಬಿಡಿಸಿದ. ಒಳಗೆ ಏನೂ ಇರಲಿಲ್ಲ. "ಸ್ವೆಲ್ತಾ," ಅಂದ. ಕೂಗಲಿಲ್ಲ, ಮಗುವಿಗೆ ಹೇಳುವ ಹಾಗೆ ಹೇಳಿದ. ಇನ್ನೊಮ್ಮೆ ಮುಷ್ಟಿ ಮಾಡಿ ಇನ್ನೊಮ್ಮೆ ಬಿಡಿಸಿದ. "ಸ್ವೆಲ್ತಾ."

"ಈಗಲೂ ಸೋಲ್ತಾ ಅಂತಾನಲ್ಲ ಇವ," ರೂಮಿನವನು ನನ್ನ ಕಡೆ ತಿರುಗಿದ.

ಆ ಬಿಡಿಸಿದ ಬೆರಳು ನೋಡುತ್ತಿದ್ದ ನನಗೆ ಆಗ ಹೊಳೆಯಿತು. "ಸೋಲು ಅಂತ ಅಲ್ಲ ಮಾರಾಯಾ," ಅಂದೆ. "ಬಿಡು ಅಂತ. ಅವನ ಭಾಷೆಯಲ್ಲಿ ಬಿಡು ಅಂತ. ಅಷ್ಟು ದಿನವೂ ಅದನ್ನೇ ಹೇಳಿದ್ದು."

ನಾನು ಆ ಗಾಜಿನ ಮೇಲೆ ಅತ್ತಿತ್ತ ನಡೆಯುತ್ತಿದ್ದೆ. ನನ್ನ ಚಪ್ಪಲಿಯ ಸದ್ದು ನನಗೇ ಸಹಿಸಲಾಗುತ್ತಿರಲಿಲ್ಲ. ಕೊನೆಗೆ ಅವನು ಎದ್ದು, ಬೀಗವನ್ನು ಎರಡು ಸಲ ಜಗ್ಗಿ ನೋಡಿ, ಪಿಕಪ್ಪಿನ ಹಿಂಬದಿ ಹತ್ತಿದ. ಗೊಂಚಲನ್ನು ಮಾತ್ರ ಜೇಬಿಗೆ ಹಾಕಿಕೊಂಡ. ಅಷ್ಟಕ್ಕೇ ನಾನು ಸುಮ್ಮನಾದೆ.

ಬಸ್ಸಿನಲ್ಲಿ ಕೋಚ್ ಭಾಯಿಯನ್ನು ನಮ್ಮಿಬ್ಬರ ನಡುವೆ ಕೂರಿಸಿಕೊಂಡೆವು. ಕುವೈತ್ ದಾಟುವ ಮುಂಚಿನ ತಪಾಸಣೆಯಲ್ಲಿ ಸಿಪಾಯಿಯೊಬ್ಬ ಒಳಗೆ ಹತ್ತಿ ಅವನ ಮುಂದೆಯೇ ನಿಂತು, "ಹಿಂದಿ?" ಅಂದ. ಇವನು ತಲೆಯಾಡಿಸಿದ್ದು ಸಾಲದು ಎಂದು, "ಎಂತ ಮಾರಾಯಾ," ಅಂದುಬಿಟ್ಟ, ಥೇಟ್ ನಮ್ಮ ಜಗಳದ ರಾಗದಲ್ಲಿ. ಸಿಪಾಯಿಗೆ ಅದೂ ಒಂದು ಭಾರತದ ಭಾಷೆಯೇ ಅನಿಸಿರಬೇಕು, ಇಳಿದು ಹೋದ. ಹಾಗಾದರೆ ನಮ್ಮ ಜಗಳದಿಂದ ಇವನು ಕನ್ನಡ ಹೆಕ್ಕಿದ್ದು ಪೂರ್ತಿ ಸುಳ್ಳಲ್ಲ. ಜೋರ್ಡಾನಿನ ಗಡಿಯಲ್ಲಿ ಅವನ ಪಾಸ್‌ಪೋರ್ಟಿಗೆ ಬೇರೆ ಸಾಲು ಇತ್ತು. ಅಪ್ಪಿಕೊಂಡು ಹೋದ, ಮತ್ತೆ ಅವನನ್ನು ನೋಡಲಿಲ್ಲ. ಆ ಕ್ಯಾನ್ವಾಸ್ ಚೀಲವನ್ನು ಮೈದಾನ್ ಹವಲ್ಲಿಯಲ್ಲೇ ಬಿಟ್ಟು ಬಂದಿದ್ದ. ಜೆರ್ಸಿಗಳು ಯಾರ ಮೈಸೇರಿದವೋ ಗೊತ್ತಿಲ್ಲ.

ಹೆರಿಗೆಗೆ ಮುಂಚೆಯೇ ನನ್ನ ರೂಮಿನವನು ಉಳ್ಳಾಲ ಮುಟ್ಟಿದ. ಹೆಣ್ಣು ಮಗು. ನೋಡಲು ಹೋದಾಗ ಅವನು ಒಂದು ಕೈಯಲ್ಲಿ ಮಗು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಆ ಗೊಂಚಲನ್ನು ಅಲ್ಲಾಡಿಸುತ್ತಿದ್ದ. ಮಗು ಕಣ್ಣರಳಿಸಿ ಸದ್ದು ಬಂದ ಕಡೆ ತಿರುಗುತ್ತಿತ್ತು. "ಬೇರೆ ಗಿಲಕಿ ತನ್ನಿ ಅಂದ್ರೆ ಕೇಳುದಿಲ್ಲ ಇವರು," ಎಂದು ಅವನ ಹೆಂಡತಿ ನನ್ನ ಹತ್ತಿರ ದೂರಿದಳು. "ಮಲಗುವಾಗಲೂ ಜೇಬಲ್ಲೇ ಉಂಟು ಅದು." ಅವಳು ನಗುತ್ತಿದ್ದಳು, ಅವನು ನಗುತ್ತಿರಲಿಲ್ಲ. ಅವನು ನಗುವುದನ್ನು ಬಿಟ್ಟಿದ್ದ. ಅತ್ತ ಯುದ್ಧ ಶುರುವಾಗಿ, ಮುಗಿದು, ತೈಲಬಾವಿಗಳು ಹತ್ತಿಕೊಂಡು ಉರಿಯುತ್ತಿದ್ದಾಗಲೂ ಅವನು ಕೇಳುತ್ತಿದ್ದುದು ಒಂದೇ, ಶರ್ಕಿನ ಸುದ್ದಿ ಏನಾದರೂ ಇದೆಯಾ ಎಂದು. ನಾನು ಊರಿನಲ್ಲೂ ಕೂರಲಾರದೆ ಬಸ್‌ಸ್ಟ್ಯಾಂಡಿಗೆ ಸುಮ್ಮನೆ ಹೋಗಿ ಬರುತ್ತಿದ್ದೆ.

1991ರ ಮಳೆಗಾಲ ಮುಗಿಯುವಾಗ ಅವನ ಕಫೀಲ್ ಮತ್ತೆ ವೀಸಾ ಕಳಿಸಿದ. ನನಗೂ ಮಿರ್ಕಾಬಿನಲ್ಲಿ ಕೆಲಸ ಸಿಕ್ಕಿತು. ಒಟ್ಟಿಗೇ ಹೋದೆವು. ಆಕಾಶ ಹೊಗೆಯಿಂದ ಕಪ್ಪು, ಮಟಮಟ ಮಧ್ಯಾಹ್ನವೂ ಕಾರುಗಳು ದೀಪ ಹಾಕಿಕೊಂಡು ಓಡುತ್ತಿದ್ದವು. ಉಗುಳಿದರೆ ಮಸಿ. ಸಾಮಾನು ರೂಮಿನಲ್ಲಿಟ್ಟ ಕೂಡಲೇ ಅವನು ಒಗೆದ ಅಂಗಿ ಹಾಕಿಕೊಂಡು ಹೊರಟ. ನಾನೂ ಹೊರಟೆ.

ದೂರದಿಂದಲೇ ಕಂಡಿತು. ಅವನ ಶಟರು ನೆಟ್ಟಗಿತ್ತು. ಅವನು ಎರಡು ಸಲ ಜಗ್ಗಿ ನೋಡಿ ಬಿಟ್ಟುಬಂದಿದ್ದ ಬೀಗ ತುಕ್ಕು ಹಿಡಿದು ಅಲ್ಲೇ ನೇತಾಡುತ್ತಿತ್ತು. ಅವನು ನನ್ನ ಕೈ ಬಿಗಿಯಾಗಿ ಹಿಡಿದುಕೊಂಡ. "ನೋಡಿದ್ಯಾ," ಅಂದ, ಅಷ್ಟೇ. ಇಷ್ಟು ದಿನ ಇವನನ್ನು ಬೈದದ್ದೆಲ್ಲ ತಿರುಗಿ ನನ್ನ ಮೇಲೆಯೇ ಬಿದ್ದರೂ ಸಂತೋಷವೇ ಎಂದುಕೊಂಡೆ. ಅವನು ಬಿಸ್ಮಿಲ್ಲಾ ಹೇಳಿ, ಗೊಂಚಲಿನಿಂದ ಸರಿಯಾದ ಕೀ ಹುಡುಕಿ ತಿರುಗಿಸಿದ. ಬೀಗ ಬಿಟ್ಟುಕೊಂಡಿತು. ಇಬ್ಬರೂ ಸೇರಿ ಶಟರು ಎತ್ತಿದೆವು.

ಒಳಗೆ ಅವನ ಯಜಮಾನ ಕೂತಿದ್ದ.

ಒಂದು ಮುರಿದ ಪೆಟ್ಟಿಗೆಯ ಮೇಲೆ, ಬರೀ ನೆಲದ ನಡುವೆ. ಕಪಾಟುಗಳಿಲ್ಲ, ಕನ್ನಡಿಗಳಿಲ್ಲ, ದೀಪದ ವಯರು ಕೂಡ ಇಲ್ಲ. ಅವನ ಹಿಂದೆ ಪಕ್ಕದ ಅಂಗಡಿಯ ಕಡೆಯ ಗೋಡೆಯಲ್ಲಿ ಆಳೆತ್ತರದ ಒಂದು ಕಿಂಡಿ. ಅಲ್ಲಿಂದಲೇ ಬಂದು ಎಲ್ಲವನ್ನೂ ಒಯ್ದಿದ್ದರು. ಅವತ್ತು ಯಜಮಾನ ಒಳಗೆ ಬಂದದ್ದೂ ಅಲ್ಲಿಂದಲೇ. ಗೋಡೆಯಲ್ಲಿ ಮಾತ್ರ ಇನ್ನೂ ಊದ್ ಪರಿಮಳ ಉಳಿದಿತ್ತು, ಹೊರಗಿನ ತೈಲದ ಹೊಗೆಯ ಜೊತೆ ಸೇರಿಕೊಂಡು.

ಯಜಮಾನ ಇವನನ್ನು ನೋಡಿದ, ಎತ್ತಿದ ಶಟರನ್ನು ನೋಡಿದ. "ನೀನು ಬಾಗಿಲಿನಿಂದ ಬಂದೆ," ಅಂದ. ತಲೆವಸ್ತ್ರದ ತುದಿಯಿಂದ ಮುಖ ಮುಚ್ಚಿಕೊಂಡ. ಆ ಮುದುಕನ ಭುಜ ಅಲುಗುತ್ತಿತ್ತು.

ನನ್ನ ರೂಮಿನವನು ಮುಂದೆ ಹೋಗಿ ಗೊಂಚಲು ಹಿಡಿದ ಕೈಯನ್ನು ಚಾಚಿದ. "ಅಮಾನ," ಅಂದ. ಯಜಮಾನ ಕೈ ಒಡ್ಡಲಿಲ್ಲ. ಎದ್ದು ಬಂದು ಇವನ ಹಣೆಗೆ ಮುತ್ತಿಟ್ಟು, "ಖಲಾಸ್, ಮಗನೇ, ಖಲಾಸ್," ಎಂದು ಹೇಳಿ, ಆ ಕಿಂಡಿಯಿಂದಲೇ ಹೊರಗೆ ಹೋಗಿ ನಿಂತ. ಇವನು ಚಾಚಿದ ಕೈ ಚಾಚಿಕೊಂಡೇ ನಿಂತಿದ್ದ. ಉಗುರುಗಳು ಬೆಳ್ಳಗಾಗಿದ್ದವು. ಕೊಡಬೇಕಾದವನಿಗೆ ಕೊಡಲು ಬಂದರೆ ಅವನಿಗೇ ಬೇಡ. ಇನ್ನು ಅದನ್ನು ಎಲ್ಲಿಡುವುದು ಎಂದು ಅವನಿಗೆ ತಿಳಿಯಲಿಲ್ಲ. ಹುಟ್ಟಿದಂದಿನಿಂದ ಅವನು ಮಗುವನ್ನು ಕೂಡ ಎರಡು ಕೈಯಲ್ಲಿ ಎತ್ತಿಕೊಂಡಿರಲಿಲ್ಲ. ಅದು ನೆನಪಾಗಿ ನನಗೆ ಅಳು ಬಂತು.

"ಸ್ವೆಲ್ತಾ," ಅಂದೆ.

ಅವನು ತಿರುಗಿ ನೋಡಿದ. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಗೊಂಚಲು ಸಿಮೆಂಟಿನ ನೆಲಕ್ಕೆ ಬಿದ್ದು, ಪುಟಿದು, ನನ್ನ ಪಾದಕ್ಕೆ ತಾಗಿತು. ಕೈ ತಾನಾಗಿಯೇ ಕೆಳಗೆ ಹೋಯಿತು. ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ.

ತಲೆ ಎತ್ತಿದಾಗ ಅವನು ಕೆನ್ನೆ ಒರೆಸಿಕೊಳ್ಳುತ್ತಾ ನಗುತ್ತಿದ್ದ.

"ಔಟ್ ಮಾರಾಯಾ," ಅಂದ. "ಔಟ್."